ಹೆಸರು ಬದಲಿಸಿದರೆ ಸಹಿ ಹಾಕುತ್ತಾರಂತೆ



ನಾವು ಕೇಳಿದ್ದು ಒಂದು ಕೋಣೆ. ವಾರಕ್ಕೊಂದು ದಿನ, ಕ್ಲಾಸು ಬಿಟ್ಟ ಮೇಲೆ ಎರಡು ತಾಸು. ಕಸ ನಾವೇ ಹೊಡೆದುಕೊಳ್ಳುತ್ತೇವೆ, ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಂಬೇಡ್ಕರರ ಹೆಸರಿನಲ್ಲಿ ವಿದ್ಯಾರ್ಥಿಗಳ ಒಂದು ಓದುಬಳಗ ಕಟ್ಟುತ್ತೇವೆ, ಅನುಮತಿ ಕೊಡಿ ಎಂದು ಇಪ್ಪತ್ಮೂರು ಜನ ಸಹಿ ಮಾಡಿ ಅರ್ಜಿ ಕೊಟ್ಟೆವು. ಯಾವ ಕಾಲೇಜು ಎಂದು ಇಲ್ಲಿ ಬರೆಯುವುದಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಮೇಲಿನ ಊರುಗಳು. ಮೂರೂ ಊರಿನ ಹಾಸ್ಟೆಲುಗಳಲ್ಲಿ ನಮ್ಮವರಿದ್ದಾರೆ. ಇಷ್ಟು ಸಾಕು.

ಅರ್ಜಿ ಹನ್ನೊಂದು ದಿನ ಮೇಜಿನ ಮೇಲೆ ಮಲಗಿತ್ತು. ಹನ್ನೆರಡನೇ ದಿನ ಒಳಗೆ ಕರೆದರು. ಚಹಾ ಕೂಡ ತರಿಸಿದರು.

"ಓದೋದು ಛಲೋ ಕೆಲಸ ತಮ್ಮಾ. ಆದ್ರ ಹೆಸರು ಚೇಂಜ್ ಮಾಡ್ರಿ. ಯುವಚೇತನ ಅಂತ ಇಡ್ರಿ, ಜ್ಞಾನಜ್ಯೋತಿ ಅಂತ ಇಡ್ರಿ, ಈಗಿಂದೀಗ ಸಹಿ ಮಾಡ್ತೀನಿ. ಕಾಲೇಜಿನ್ಯಾಗ ಜಾತಿ ಬ್ಯಾಡ."

ಜಾತಿ ಬೇಡವಂತೆ! ಸ್ಕಾಲರ್‌ಶಿಪ್ ನೋಟಿಸು ಬಂದ ದಿನ ತುಂಬಿದ ಕ್ಲಾಸಿನಲ್ಲಿ "ಎಸ್ಸಿ ಎಸ್ಟಿಯವರು ಎದ್ದು ನಿಲ್ರಿ" ಎಂದು ಕೂಗುವಾಗ ಅದು ಬೇಕಾಗಿತ್ತು. ಗ್ಯಾದರಿಂಗಿಗೆ ಹಲಗಿ ಬಾರಿಸುವವರು ಬೇಕು ಎಂದು ಹಾಸ್ಟೆಲಿಗೆ ಹುಡುಕಿಕೊಂಡು ಬಂದಾಗ ಬೇಕಾಗಿತ್ತು. ನಾವು ಪುಸ್ತಕ ಹಿಡಿದು ಕೂತುಕೊಳ್ಳುತ್ತೇವೆ ಎಂದ ಕೂಡಲೇ ಬೇಡವಾಯಿತು.

2023ರ ಸೆಪ್ಟೆಂಬರ್ 15ರಂದು ರಾಜ್ಯದ ತುಂಬ ಸಂವಿಧಾನದ ಪೀಠಿಕೆ ಓದಿಸಿದರಲ್ಲ, ನಮ್ಮಲ್ಲಿ ಕೆಲವರು ಅಂದು ಇದೇ ಮೈದಾನದ ಬಿಸಿಲಿನಲ್ಲಿ ನಿಂತು ಮೈಕಿನ ಹಿಂದೆ ಹಿಂದೆ ಹೇಳಿದ್ದೇವೆ. ಕರಡು ಸಮಿತಿಯ ಅಧ್ಯಕ್ಷರು ಕೊಟ್ಟ ಸಂವಿಧಾನವನ್ನು ಮೈದಾನದಲ್ಲಿ ಕೂಗಬಹುದು, ಅವರ ಹೆಸರನ್ನು ಒಂದು ಕೋಣೆಯ ಬಾಗಿಲಿಗೆ ಅಂಟಿಸಬಾರದು! ಅದೇ ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಪೀಠಿಕೆ ಮುಗಿಸಿ ಪುಟ ತಿರುಗಿಸಿದವರಿಗೆ ಅದು ಸಿಗುತ್ತಿತ್ತು.

ನಮ್ಮ ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು. ದೊಡ್ಡವರು ಬಂದರೆ ಕೊರಳಿಗೆ ಏಲಕ್ಕಿ ಹಾರ ಬೀಳಲೇಬೇಕು. ಏಪ್ರಿಲ್ 14ಕ್ಕೆ ಅಂಬೇಡ್ಕರರ ಫೋಟೋಕ್ಕೂ ಹಾರ ಬೀಳುತ್ತದೆ. 15ಕ್ಕೆ ಫೋಟೋ ಸ್ಟೋರ್ ರೂಮಿಗೆ ಹೋಗುತ್ತದೆ. ಅವರಿಗೆ ಬೇಕಾದದ್ದು ಈ ಅಂಬೇಡ್ಕರ್. ಹಾರ ಹಾಕಿಸಿಕೊಂಡು ಸುಮ್ಮನಿರುವ ಅಂಬೇಡ್ಕರ್.

ಈ ಆಟ ಹೊಸದೇನಲ್ಲ. ಮದರಾಸಿನ ಐಐಟಿಯಲ್ಲಿ 2014ರ ಏಪ್ರಿಲ್ 14ರಂದು ಅಂಬೇಡ್ಕರ್ ಮತ್ತು ಪೆರಿಯಾರ್ ಹೆಸರಿನ ಅಧ್ಯಯನ ಬಳಗ ಹುಟ್ಟಿತು. ಈ ಹೆಸರುಗಳು ಹುಡುಗರನ್ನು ಒಡೆಯುತ್ತವೆ, ಬದಲಿಸಿ ಎಂದು ಮೇಲಿನಿಂದ ಸೂಚನೆ ಬಂತು. ಅಲ್ಲೇ ವಿವೇಕಾನಂದರ ಹೆಸರಿನ ಬಳಗವೂ ಇತ್ತು. ಅದು ಯಾರನ್ನೂ ಒಡೆದಂತೆ ಕಾಣಲಿಲ್ಲ. ಹುಡುಗರು ಹೆಸರು ಬಿಡಲಿಲ್ಲ. 2015ರ ಮೇ ತಿಂಗಳಲ್ಲಿ ಒಂದು ಅನಾಮಧೇಯ ದೂರು ಹಿಡಿದುಕೊಂಡು ಬಳಗದ ಮಾನ್ಯತೆ ಕಿತ್ತರು. ನೋಡಿ, ದೂರು ಕೊಟ್ಟವರಿಗೆ ತಮ್ಮ ಹೆಸರು ಬರೆಯುವ ಧೈರ್ಯವಿಲ್ಲ, ಹೆಸರು ಬದಲಿಸಬೇಕಾದವರು ಮಾತ್ರ ನಾವು. ದೇಶದ ತುಂಬ ಗದ್ದಲ ಎದ್ದ ಮೇಲೆ ಜೂನ್ 7ಕ್ಕೆ ಮಾನ್ಯತೆ ವಾಪಸ್ ಬಂತು.

ಇನ್ನೂ ಹಿಂದೆ ಹೋಗಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ತಮ್ಮ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನು ಕರೆದರು. ಭಾಷಣದ ಪ್ರತಿ ನೋಡಿ ಬೆವತರು. ಒಂದಿಷ್ಟು ತೆಗೆಯಿರಿ, ಒಂದಿಷ್ಟು ತಿದ್ದಿರಿ ಎಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ನಡೆಯಲಿಲ್ಲ. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ವೇದಿಕೆ ಸಿಗದ ಆ ಭಾಷಣವೇ 'ಜಾತಿ ವಿನಾಶ'.

ಈಗ ನಮ್ಮವರ ಮಾತಿಗೆ ಬರೋಣ. "ಹೆಸರ್ನಾಗ ಏನೈತಿ ದೋಸ್ತ, ಕೆಲಸ ಆಗ್ಲಿ" ಅನ್ನುವವರು ನಮ್ಮೊಳಗೇ ಇದ್ದಾರೆ. ಒಳ್ಳೆಯ ಹುಡುಗರೇ. ಆದರೆ ಕೇರಿಯಲ್ಲಿ ಹುಟ್ಟಿದವರು ಹೆಸರಿನಲ್ಲಿ ಏನಿದೆ ಎಂದು ಕೇಳಬಹುದೇ? ಅಜ್ಜನಿಗೆ ದುರಗಪ್ಪ ಎಂದು ಹೆಸರಿಟ್ಟರೆ ಊರು ಸಾಯುವತನಕ ದುರಗ್ಯಾ ಎಂದು ಕರೆಯಿತು. ಬ್ಯಾಡಗಿಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಮೊದಲು ಹೆಸರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಅದರಿಂದಲೂ ತಿಳಿಯದಾಗ "ಯಾವ ಮಂದಿ ನೀವು?" ಎಂದರು. ಕೋಣೆ ಆಗಲೇ ಯಾರಿಗೋ ಕೊಟ್ಟಾಗಿತ್ತಂತೆ. ಇವತ್ತು ಸಹಿಗಾಗಿ ಹೆಸರು ಬಿಟ್ಟರೆ ನಾಳೆ ಯಾವ ಪುಸ್ತಕ ಓದಬೇಕು ಎಂದೂ ಅವರೇ ಹೇಳುತ್ತಾರೆ. ನಾಡಿದ್ದು ರಂಗೋಲಿ ಸ್ಪರ್ಧೆ ಇಡಿಸುತ್ತಾರೆ.

ಕೋಣೆ ಸಿಗಲಿಲ್ಲ. ಹಾಸ್ಟೆಲಿನ ಊಟದ ಹಾಲಿನಲ್ಲೇ ಶುರು ಮಾಡಿದೆವು. ಹಾಸ್ಟೆಲೆಂದರೆ ಅನ್ನ ಸಾರಿನ ಜಾಗ ಎಂದು ತಿಳಿದವರಿಗೆ ಒಂದು ಮಾತು. 1924ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದರ ಕೆಲಸಗಳಲ್ಲಿ ಹಾಸ್ಟೆಲು, ಗ್ರಂಥಾಲಯ, ಅಧ್ಯಯನ ಬಳಗ ಎಲ್ಲವೂ ಇದ್ದವು. 1925ರಲ್ಲಿ ಸೋಲಾಪುರದಲ್ಲಿ ಹಾಸ್ಟೆಲು ತೆರೆದರು. ಅಲ್ಲಿಯ ಹುಡುಗರು 'ಸರಸ್ವತಿ ವಿಲಾಸ' ಎಂಬ ಮಾಸಿಕ ಹೊರಡಿಸಿದರು. ಮುಂಬಯಿಯಲ್ಲಿ ಸಭೆ ಹಾಕಿ ಕ್ಲಬ್ ಕೂಡ ನಡೆಸಿತು. 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆಯ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡಕ್ಕೆ ಬಂತು. ಆಗ ಈ ಮೂರೂ ಊರು ಧಾರವಾಡ ಜಿಲ್ಲೆಯವೇ. ಇತ್ತ ತುಂಗಭದ್ರೆ ದಾಟಿದರೆ ಹರಿಹರ, ಪ್ರೊ. ಬಿ. ಕೃಷ್ಣಪ್ಪನವರ ಊರು. 1973ರ ಬೂಸಾ ಗಲಾಟೆಯಲ್ಲಿ ಹೊಡೆತ ತಿಂದವರಲ್ಲಿ ಹಾಸ್ಟೆಲ್ ಹುಡುಗರಿದ್ದರು. ಆ ಸಿಟ್ಟು ಮುಂದೆ ದಲಿತ ಸಂಘರ್ಷ ಸಮಿತಿಗೆ ಬಲವಾಯಿತು.

ಇಷ್ಟೆಲ್ಲ ಬರೆದವರು ನಮ್ಮ ಹುಳುಕನ್ನೂ ಬರೆಯಬೇಕು. 2024ರ ಆಗಸ್ಟ್ 1ರಂದು ಒಳಮೀಸಲಾತಿಯ ತೀರ್ಪು ಬಂದ ಮೇಲೆ ನಮ್ಮ ಹಾಲಿನಲ್ಲಿ ಊಟದ ಸಾಲು ಎರಡಾದವು. ಎಡಗೈಯವರು ಒಂದು ಕಡೆ, ಬಲಗೈಯವರು ಒಂದು ಕಡೆ. ಬಳಗದ ಅಧ್ಯಕ್ಷಗಿರಿ ಯಾವ ಕೇರಿಗೆ ಎಂಬ ಜಗಳ ಅರ್ಜಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ತಿಂದಿತು. ಕೊನೆಗೆ ಅಧ್ಯಕ್ಷರೇ ಬೇಡ ಎಂದೆವು. ಓದುವ ಸರದಿ ಮಾತ್ರ. ಒಬ್ಬರಾದ ಮೇಲೆ ಒಬ್ಬರು.

ಇಪ್ಪತ್ಮೂರು ಸಹಿಗಳಲ್ಲಿ ಹುಡುಗಿಯರವು ಎರಡು. ಮೂರು ವಾರ ಅವರಿಬ್ಬರೂ ಬರಲಿಲ್ಲ. ಆಸಕ್ತಿ ಇಲ್ಲ ಎಂದುಕೊಂಡೆವು. ನಮ್ಮ ಬುದ್ಧಿ ಅಷ್ಟೇ. ಅವರಲ್ಲೊಬ್ಬಳು ಬ್ಯಾಡಗಿ ಕಡೆಯವಳು, ನಮ್ಮನ್ನು ಗೇಟಿನ ಹತ್ತಿರ ತಡೆದು ಕೇಳಿದಳು:

"ಅಣ್ಣಾರ, ಗಂಡಮಕ್ಕಳ ಹಾಸ್ಟೆಲಿಗೆ ನಮ್ಮನ್ನ ಬಿಡೂದಿಲ್ಲ. ಸಂಜಿ ಆರಕ್ಕ ನಮ್ಮ ಗೇಟ್ ಹಾಕ್ತಾರ. ಐತವಾರ ಊರಿಗೆ ಹೋದ್ರ ಅವ್ವನ ಕೂಡ ಮೆಣಸಿನಕಾಯಿ ತೊಟ್ಟು ಬಿಡಸಾಕ ಕೂಡ್ತೀನಿ. ಮತ್ತ ನಮ್ಮ ಸಹಿ ಯಾಕ ತಗೊಂಡ್ರಿ?"

ಪ್ರಿನ್ಸಿಪಾಲರ ಎದುರು ಅಷ್ಟು ಮಾತಾಡಿದ ನಮಗೆ ಇವಳೆದುರು ಬಾಯಿ ಬರಲಿಲ್ಲ. ಕೋಣೆ ಕೊಡಲಿಲ್ಲ ಎಂದು ಅವರನ್ನು ಬೈಯುತ್ತ ನಾವೂ ಒಂದು ಬಾಗಿಲು ಹಾಕಿಕೊಂಡು ಕೂತಿದ್ದೆವು.

ಅದಕ್ಕೇ ಈಗ ದಿನ, ಜಾಗ ಎರಡೂ ಬದಲಾಗಿವೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ, ಕಾಲೇಜು ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ. ಅಲ್ಲಿಗೆ ಯಾರ ಸಹಿಯೂ ಬೇಡ. ರಟ್ಟಿನ ಮೇಲೆ ಹೆಸರು ಬರೆದು ಮರಕ್ಕೆ ತೂಗುಹಾಕಿದ್ದೇವೆ, ಅಂಬೇಡ್ಕರ್ ಎಂಬ ಹೆಸರನ್ನೇ ದೊಡ್ಡದಾಗಿ. ಬೇರೆ ಎರಡು ಊರಿನವರು ತಮ್ಮ ತಮ್ಮ ಮರ ಹುಡುಕಿಕೊಳ್ಳಬೇಕು. 'ಜಾತಿ ವಿನಾಶ' ಇರುವುದು ಒಂದೇ ಪ್ರತಿ, ಹೊದಿಕೆ ಹರಿದದ್ದು. ಗಟ್ಟಿಯಾಗಿ ಓದುತ್ತೇವೆ, ಉಳಿದವರು ಕೇಳಬೇಕು, ತಿಳಿಯದಿದ್ದಲ್ಲಿ ತಡೆಯಬೇಕು. ಮೊದಲ ಸರದಿ ಗೇಟಿನ ಹತ್ತಿರ ತಡೆದು ಕೇಳಿದ ಆ ತಂಗಿಯದು. ಚಾಪೆ ನೀವೇ ತನ್ನಿ.