ಮೇಷ್ಟ್ರ ಮಾತು, ಮಕ್ಕಳ ಪಾಲು

ಸಂಘದ ತಾಯಂದಿರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು. “ನಮ್ಮ ಹುಡುಗಿ ಏಳನೆಯ ತರಗತಿ. ಇಂಗ್ಲಿಷಿನಲ್ಲಿ ನೂರಕ್ಕೆ ಎಂಬತ್ತು ಅಂಕ. ಆದರೆ ಮನೆಗೆ ಬಂದವರು ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಬಾಗಿಲ ಮರೆಗೆ ಸರಿಯುತ್ತಾಳೆ. ಕಾರಣವೇನು?” ಕಾರಣಗಳು ಹಲವಿರಬಹುದು. ಅವುಗಳಲ್ಲಿ ಒಂದನ್ನು ವಾಚಕರ ಮುಂದೆ ಲೆಕ್ಕ ಹಾಕಿಯೇ ತೋರಿಸುವೆನು.

ತರಗತಿಯ ಅವಧಿ ೪೦ ನಿಮಿಷ. ಹಾಜರಿ, ಹೋಂವರ್ಕು, ಬೋರ್ಡು ನೋಡಿ ಬರೆದುಕೊಳ್ಳುವುದು ಇಷ್ಟಕ್ಕೆ ಹತ್ತು ನಿಮಿಷ ಹೋಯಿತೆನ್ನಿ. ಉಳಿದ ೩೦ ನಿಮಿಷ ಯಾರಾದರೊಬ್ಬರು ಮಾತನಾಡುತ್ತಿರುತ್ತಾರೆ. ಅಮೆರಿಕದ ನೆಡ್ ಫ್ಲಾಂಡರ್ಸ್ ಎಂಬ ವಿದ್ವಾಂಸರು ಬಹುಕಾಲ ತರಗತಿಗಳನ್ನು ಗಮನಿಸಿ, ಅಲ್ಲಿ ನಡೆಯುವ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಉಪಾಧ್ಯಾಯರದೇ ಎಂದು ಕಂಡುಕೊಂಡರು. ಆ ಪ್ರಕಾರ ಮೇಷ್ಟ್ರಿಗೆ ೨೦ ನಿಮಿಷ, ಮಕ್ಕಳಿಗೆಲ್ಲ ಸೇರಿ ೧೦. ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ತಲೆಗೆ ಹನ್ನೆರಡು ಸೆಕೆಂಡು. ವರ್ಷಕ್ಕೆ ಇನ್ನೂರು ದಿನ ಶಾಲೆಯೆಂದು ಹಿಡಿದರೂ ಒಂದು ಮಗು ಇಂಗ್ಲಿಷು ಆಡುವುದು ೪೦ ನಿಮಿಷ. ಅಂದರೆ ಇಡೀ ವರ್ಷಕ್ಕೆ ಒಂದೇ ಒಂದು ಅವಧಿ! ಅದೂ ಸಮಪಾಲು ಹಂಚಿದರೆ. ಮುಂದಿನ ಬೆಂಚಿನ ನಾಲ್ಕೈದು ಚೂಟಿ ಮಕ್ಕಳು ಆ ಹತ್ತು ನಿಮಿಷವನ್ನೂ ನುಂಗಿಬಿಡುವುದು ಎಲ್ಲರೂ ಬಲ್ಲದ್ದೇ.

ಒನ್ ಟೌನ್ ಎಂದರೆ ನಮಗೆ ವಿಶಾಖಪಟ್ಟಣದ ಹಳೆಯ ಊರು. (ವಿಜಯವಾಡದ ಕನ್ನಡಿಗರು ಮುನಿಸಿಕೊಳ್ಳಬಾರದು, ಕನಕದುರ್ಗೆಯ ಬೆಟ್ಟದ ಬುಡದಲ್ಲಿ ಅವರಿಗೂ ಒಂದು ಒನ್ ಟೌನ್ ಉಂಟು.) ಇಂಗ್ಲಿಷು ಇಲ್ಲಿಗೆ ಹೊಸತಲ್ಲ. ಸೇಂಟ್ ಅಲೋಶಿಯಸ್ ಶಾಲೆ ೧೮೪೭ರಷ್ಟು ಹಳೆಯದು. ಮುಂದೆ ನಮ್ಮ ಬೆಂಗಳೂರಿನವರೇ ಆಗಿಹೋದ ಸಿ. ವಿ. ರಾಮನ್ ಬಾಲ್ಯದಲ್ಲಿ ಓದಿದ್ದು ಅಲ್ಲಿಯೇ. ಇಲ್ಲಿ ಬೆಳೆಯುವ ನಮ್ಮ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಕನ್ನಡವನ್ನಾಗಲಿ ತೆಲುಗನ್ನಾಗಲಿ ಅದಕ್ಕೆ ಯಾರೂ ಪಾಠ ಹೇಳಿ ಕಲಿಸಲಿಲ್ಲ. ತರಕಾರಿಯವಳೊಡನೆ ಚೌಕಾಸಿ ಮಾಡುತ್ತ, ಗೆಳತಿಯರೊಡನೆ ಜಗಳವಾಡುತ್ತ ತೆಲುಗು ತಾನಾಗಿ ಬಂತು. ಇಂಗ್ಲಿಷಿಗೆ ಜಗಳವಾಡಲು ಸ್ಥಳವೇ ಇಲ್ಲ. ತರಗತಿಯೊಂದೇ ಅದರ ಬೀದಿ, ಆ ಬೀದಿಯನ್ನು ಮೇಷ್ಟ್ರೊಬ್ಬರೇ ತುಂಬಿಕೊಂಡಿದ್ದಾರೆ.

ಮೇಷ್ಟ್ರನ್ನು ದೂರಿ ಫಲವಿಲ್ಲ. ಪೋರ್ಷನ್ ಮುಗಿಸಬೇಕು. ಮಕ್ಕಳು ಮಾತನಾಡಿದರೆ ಗಲಾಟೆ, ಗಲಾಟೆಯಾದರೆ ಹೆಡ್‌ಮಾಸ್ತರು ಜಗಲಿಯಲ್ಲಿ ನಿಂತು ನೋಡುತ್ತಾರೆ. ನಿಶ್ಶಬ್ದವಾದ ತರಗತಿಯೇ ಒಳ್ಳೆಯ ತರಗತಿಯೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ತಂದೆತಾಯಿಗಳಾದ ನಾವೂ ಕೇಳುವುದು “ನೋಟ್ಸ್ ಕೊಟ್ಟರೇ?” ಎಂದು, “ನೀನು ಏನು ಮಾತನಾಡಿದೆ?” ಎಂದು ಕೇಳುವವರು ಯಾರು?

ಹಾಗಾದರೆ ಮೇಷ್ಟ್ರು ಬಾಯಿ ಮುಚ್ಚಿ ಕೂಡಬೇಕೇ? ಹಾಗೆಂದವರೂ ಇದ್ದಾರೆ. ಕ್ಯಾಲೆಬ್ ಗತ್ತೇನ್ಯೋ ಎಂಬವರು ೧೯೬೩ರಲ್ಲಿ ‘ಮೌನ ಮಾರ್ಗ’ ಎಂಬ ಪದ್ಧತಿಯನ್ನೇ ಪ್ರಕಟಿಸಿದರು. ಬಣ್ಣದ ಕಡ್ಡಿಗಳನ್ನು ತೋರಿಸಿ, ಉಪಾಧ್ಯಾಯರು ಆದಷ್ಟು ಸುಮ್ಮನಿದ್ದು, ಮಕ್ಕಳಿಂದಲೇ ಮಾತು ಹೊರಡಿಸುವ ವಿಧಾನ. ನಮ್ಮ ಕಡೆಗೆ ಅದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಇಂಗ್ಲಿಷು ಕೇಳದ ಮಗುವಿಗೆ ಮೇಷ್ಟ್ರ ಬಾಯಿಂದ ಬರುವುದಷ್ಟೇ ಒಳ್ಳೆಯ ಇಂಗ್ಲಿಷು. ಅದನ್ನೂ ನಿಲ್ಲಿಸಿದರೆ ಬಾವಿಯ ಹಗ್ಗ ಕಡಿದಂತೆ.

ಇದಕ್ಕಿಂತ ನಮಗೆ ಹತ್ತಿರವಾದದ್ದು ಬೆಂಗಳೂರಿನಲ್ಲೇ ನಡೆದ ಪ್ರಯೋಗ. ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣ ಪಾಠವನ್ನು ಬದಿಗಿಟ್ಟು, ರೈಲ್ವೆ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟರು. ಮೊದಲು ಮೇಷ್ಟ್ರೂ ಮಕ್ಕಳೂ ಕೂಡಿ ಒಂದು ಲೆಕ್ಕ ಬಿಡಿಸುವುದು. ಆಮೇಲೆ ಅಂಥದೇ ಇನ್ನೊಂದನ್ನು ಮಗು ತಾನೇ ಬಿಡಿಸುವುದು. ಪ್ರಭು ಅವರು ಮಕ್ಕಳನ್ನು ಗುಂಪು ಮಾಡಿ ಮಾತನಾಡಿಸುವುದಕ್ಕೆ ಒಲಿಯಲಿಲ್ಲ. ತಪ್ಪು ಇಂಗ್ಲಿಷನ್ನು ಒಬ್ಬರಿಂದೊಬ್ಬರು ಕಲಿತಾರೆಂಬ ಶಂಕೆ ಅವರಿಗೆ. ಮೇಷ್ಟ್ರ ಮಾತು ಅಲ್ಲಿ ಇದ್ದೇ ಇತ್ತು. ಆದರೆ ಅದು ಪ್ರವಚನವಾಗಿರಲಿಲ್ಲ, ಉತ್ತರ ಬೇಡುವ ಮಾತಾಗಿತ್ತು.

ಗುಂಪಿನ ವಿಷಯದಲ್ಲಿ ಮಾತ್ರ ನಾನು ಪ್ರಭು ಅವರಿಂದ ಸ್ವಲ್ಪ ದೂರ ನಿಲ್ಲುತ್ತೇನೆ. ಆ ಹತ್ತು ನಿಮಿಷವನ್ನೇ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ ಕೊಟ್ಟರೆ ತಲೆಗೆ ಹನ್ನೆರಡು ಸೆಕೆಂಡಿನ ಬದಲು ಐದು ನಿಮಿಷ, ಇಪ್ಪತ್ತೈದು ಪಟ್ಟು! ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ಒಂದು ರೈಲನ್ನು ತೆಗೆದುಕೊಳ್ಳಿ. ಅನಕಾಪಲ್ಲಿ, ತುನಿ, ಸಾಮರ್ಲಕೋಟ, ರಾಜಮಹೇಂದ್ರಿ, ಏಲೂರು. ಒಬ್ಬಳ ಚೀಟಿಯಲ್ಲಿ ರೈಲು ಬರುವ ಹೊತ್ತು ಮಾತ್ರ, ಇನ್ನೊಬ್ಬಳದರಲ್ಲಿ ಹೊರಡುವ ಹೊತ್ತು ಮಾತ್ರ. ಯಾವ ನಿಲ್ದಾಣದಲ್ಲಿ ಹೆಚ್ಚು ನಿಲ್ಲುತ್ತದೆಂದು ಕಂಡುಹಿಡಿಯಬೇಕಾದರೆ ಒಬ್ಬರನ್ನೊಬ್ಬರು ಕೇಳದೆ ಗತಿಯಿಲ್ಲ. ತೆಲುಗಿಗೆ ಜಾರುವುದಿಲ್ಲವೇ? ಜಾರುತ್ತಾರೆ. ಕೆಲಸವನ್ನು ಎರಡು ಮೂರು ನಿಮಿಷದ ತುಂಡುಗಳಾಗಿ ಕೊಟ್ಟು, ಕೇಳುವ ವಾಕ್ಯವನ್ನು ಬೋರ್ಡಿನ ಮೇಲೆ ಬರೆದಿಟ್ಟರೆ ಅಷ್ಟಾಗಿ ಜಾರುವುದಿಲ್ಲ.

ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಧೈರ್ಯವನ್ನೇ ಮಾಡಿದ್ದಾರೆ. ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ ನೋಡಿಬಂದು, ೧೯೯೫ರಲ್ಲಿ ‘ನಲಿ ಕಲಿ’ಯನ್ನು ಆರಂಭಿಸಿದರು. ಮಕ್ಕಳು ಕಾರ್ಡುಗಳನ್ನು ತಾವೇ ಎತ್ತಿಕೊಂಡು ಗುಂಪುಗುಂಪಾಗಿ ಕೂಡುತ್ತಾರೆ. ಮೇಷ್ಟ್ರು ಕುರ್ಚಿ ಬಿಟ್ಟು ಅವರ ನಡುವೆ ನೆಲದ ಮೇಲೆ. ಆಂಧ್ರದ ಬೀಜ, ಕನ್ನಡದ ಬೆಳೆ.

ಖರ್ಚಿಲ್ಲದ ಉಪಾಯವೊಂದಿದೆ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ ವಿಜ್ಞಾನದ ತರಗತಿಗಳಲ್ಲಿ ಗಮನಿಸಿ, ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ೧೯೭೪ರಲ್ಲಿ ಬರೆದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರಬೇಕಾದ ಮಗುವಿಗೆ ಐದು ಸೆಕೆಂಡಾದರೂ ಬೇಕು. ಮನೆಯಲ್ಲಿಯೂ ಅಷ್ಟೇ. ಅತಿಥಿ ಹೆಸರು ಕೇಳಿದೊಡನೆ ಮಗುವಿನ ಪರವಾಗಿ ತಾಯಿಯೇ ಉತ್ತರ ಕೊಟ್ಟುಬಿಡುತ್ತಾಳಲ್ಲ, ಅಲ್ಲಿ ಐದರವರೆಗೆ ಮನಸ್ಸಿನಲ್ಲೇ ಎಣಿಸಿ ನೋಡಿ. ಬಹಳ ಉದ್ದ ಅನ್ನಿಸುತ್ತದೆ.

ಒನ್ ಟೌನಿನಲ್ಲಿ ಪಾಠ ಹೇಳುವ ನನ್ನ ಪರಿಚಯದ ತರುಣ ಉಪಾಧ್ಯಾಯಿನಿಯೊಬ್ಬರು ಒಂದು ಅವಧಿಯನ್ನು ಫೋನಿನಲ್ಲಿ ಮುದ್ರಿಸಿ ಮನೆಯಲ್ಲಿ ಕೇಳಿದರಂತೆ. ಮಕ್ಕಳು ಕೊಟ್ಟ ಪ್ರತಿಯೊಂದು ಉತ್ತರವನ್ನೂ ತಾವು ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ಮೇಡಂ ಹೇಗೂ ಹೇಳುತ್ತಾರೆಂದ ಮೇಲೆ ಗೆಳತಿಯ ಮಾತಿಗೆ ಕಿವಿಗೊಡುವವರಾರು? ಮಾರನೆಯ ದಿನದಿಂದ ಆ ಪ್ರತಿಧ್ವನಿ ಬಿಟ್ಟು, “ಆಕೆ ಏನೆಂದಳು?” ಎಂದು ಹಿಂದಿನ ಬೆಂಚನ್ನು ಕೇಳತೊಡಗಿದರು. ಮೊದಲ ವಾರ ಮೇಡಂಗೆ ಕೋಪ ಬಂದಿದೆಯೆಂದು ಮಕ್ಕಳು ಹೆದರಿದ್ದರು. ಎರಡನೆಯ ವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಮುಂದಿನ ಬೆಂಚಿನವಳಿಗೆ, “ಲೌಡರ್ ಪ್ಲೀಸ್, ಐ ಕಾಂಟ್ ಹಿಯರ್” ಎಂದಳಂತೆ.