ಕಾರಿನ ಖೋಲಿ, ಮನುಷ್ಯರ ಖೋಲಿ

ನಮ್ಮ ಕಡೆ ಗ್ಯಾರೇಜ್ ಅಂದ್ರೆ ಮೆಕ್ಯಾನಿಕ್ ಅಂಗಡಿ. ಮನೆಯಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ ಕಾರ್ ಶೆಡ್ಡು ಅಂತೀವಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಯಾವ ಊರಾದರೂ ಸರಿ, ಕಾರು ರಸ್ತೆಗೆ ಬಂದು ಶೆಡ್ಡು ಖೋಲಿಯಾಗೋದು ಹೊಸ ಸುದ್ದಿ ಏನಲ್ಲ. ಮೆಟ್ಟಿಲು ಹತ್ತಲಾಗದ ಅಜ್ಜನಿಗೆ ಒಂದು ಖೋಲಿ, ಇಲ್ಲಾ ಸಿಮೆಂಟ್ ಫ್ಯಾಕ್ಟರಿಗೆ ಕೆಲಸಕ್ಕೆ ಬಂದವರಿಗೆ ಬಾಡಿಗೆ. ಅಗತ್ಯ ನಿಜವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ.

"ನಮ್ಮ ಜಾಗ, ನಮ್ಮ ಮನೆ, ಪರ್ಮಿಷನ್ ಯಾಕೆ?" ಅಂತ ಕೇಳುವವರಿಗೆ ಮಾತ್ರ ಒಂದು ಮಾತು. ಊರಿನ ಮಿತಿಯಲ್ಲಿ ಮನೆ ಕಟ್ಟೋಕೆ, ಬದಲಾಯಿಸೋಕೆ ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ ಅನುಮತಿ ಬೇಕು. ಪಾಸಾದ ನಕ್ಷೆಯಲ್ಲಿ ಕಾರಿಗೆ ಅಂತ ತೋರಿಸಿದ ಜಾಗದಲ್ಲಿ ಮನುಷ್ಯರನ್ನು ಮಲಗಿಸಿದರೆ ಅದು ನಕ್ಷೆ ಮೀರಿದ ಹಾಗೇ.

ಇದು ಬರೀ ಕಾಗದದ ಮಾತಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡ್ ನೋಡಿ. ಮನೆಯ ಗ್ಯಾರೇಜಿಗೆ ಕನಿಷ್ಠ 3 ಮೀಟರ್ ಅಗಲ, 6 ಮೀಟರ್ ಉದ್ದ ಅನ್ನುತ್ತೆ, ಅಂದ್ರೆ 18 ಚದರ ಮೀಟರ್. ವಾಸದ ಖೋಲಿಗೆ 9.5 ಸಾಕು. ವಿಸ್ತೀರ್ಣದಲ್ಲಿ ಶೆಡ್ಡು ಪಾಸು! ಆದರೆ ಗ್ಯಾರೇಜಿಗೆ 2.4 ಮೀಟರ್ ಎತ್ತರ ಇದ್ದರಾಯ್ತು, ಖೋಲಿಗೆ 2.75 ಬೇಕು. ಮನೆಯ ನೆಲ ಸುತ್ತಲಿನ ನೆಲಕ್ಕಿಂತ 45 ಸೆಂಟಿಮೀಟರ್ ಮೇಲಿರಬೇಕು, ಗ್ಯಾರೇಜಿಗೆ 15 ಸಾಕು. ಬಿಸಿಲು ನಾಡಿನಲ್ಲಿ ಕಿಟಕಿ-ಬಾಗಿಲು ನೆಲದ ಹತ್ತನೇ ಒಂದು ಭಾಗ ಇರಬೇಕು. ಶಟರ್ ಎಳೆದ ಮೇಲೆ ಶೆಡ್ಡಿಗೆ ಕಿಟಕಿ ಎಲ್ಲಿದೆ? ಇದು ಮಾದರಿ ಸಂಹಿತೆ. ನಿಮ್ಮ ಊರಿನ ಬೈಲಾ ಅಂಕಿಗಳನ್ನು ಪುರಸಭೆಯಲ್ಲೇ ಕೇಳಿ.

ಈ ಅಂಕಿಗಳ ಅರ್ಥ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ತಗ್ಗು ಛತ್ತಿನ ಕೆಳಗೆ, ಗಾಳಿ ಇಲ್ಲದೆ ಅಜ್ಜ ಮಲಗಬೇಕು. ಮಳೆಗಾಲದಲ್ಲಿ 15 ಸೆಂಟಿಮೀಟರ್ ನೆಲಕ್ಕೆ ರಸ್ತೆಯ ನೀರು ಬರೋಕೆ ಎಷ್ಟು ಹೊತ್ತು? ನಾಡಿಗೆಲ್ಲ ಸಿಮೆಂಟು, ಪರಸಿ ಕಲ್ಲು ಕೊಟ್ಟ ಊರುಗಳಲ್ಲಿ ನಮ್ಮವರಿಗೇ ಇಂಥ ಖೋಲಿ!

"ಆಮೇಲೆ ಸಕ್ರಮ ಮಾಡಿಸಿದರಾಯ್ತು" ಅನ್ನೋ ನಂಬಿಕೆಯೂ ಬೇಡ. 2014ರ ಅಕ್ರಮ-ಸಕ್ರಮ ನಿಯಮಗಳನ್ನು ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿದರೂ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದನ್ನು ನೆಚ್ಚಿಕೊಂಡು ಗೋಡೆ ಎಬ್ಬಿಸೋದು ಜಾಣತನ ಅಲ್ಲ.

ಹಾಗಂತ ಎಲ್ಲ ತಪ್ಪೂ ಮನೆಯವರದ್ದೇ ಅಲ್ಲ. ಇಷ್ಟು ಸಣ್ಣ ಬದಲಾವಣೆಗೂ ಹೊಸ ಮನೆಯಷ್ಟೇ ಓಡಾಟ ಅಂದ್ರೆ ಯಾರು ಅರ್ಜಿ ಹಾಕ್ತಾರೆ? ಪುರಸಭೆ ಒಂದು ಪುಟದ ಅರ್ಜಿ ಇಡಲಿ. ಇಂಜಿನಿಯರ್ ಬಂದು ಐದೇ ವಿಷಯ ನೋಡಲಿ: ಛತ್ತಿನ ಎತ್ತರ, ನೆಲ, ಕಿಟಕಿ, ನೀರು ಹೋಗೋ ದಾರಿ, ಕಾರು ಇನ್ನು ಮುಂದೆ ನಿಲ್ಲೋ ಜಾಗ. ಕೊನೆಯದು ಮುಖ್ಯ. ಓಣಿಯಲ್ಲಿ ಕಾರು ನಿಂತರೆ ಆಂಬುಲೆನ್ಸ್ ಬರೋದು ಹೇಗೆ?

ಮಾಲೀಕ ಗೊತ್ತಿದ್ದೇ ಕಟ್ಟಿಸ್ತಾನೆ. ಬಾಡಿಗೆಗೆ ಬಂದವನಿಗೆ ಮಾತ್ರ ಅದು ಶೆಡ್ಡು ಅಂತ ಗೊತ್ತಾಗೋದು ಮೊದಲ ಮಳೆಗೇ. ಅನುಮತಿ ಇರೋದು ಅವನಿಗಾಗಿ ಅಂತ ನನ್ನ ಅನಿಸಿಕೆ. ನಿಮ್ಮೂರಲ್ಲಿ ಹೇಗೆ? ನೀವೇನಂತೀರಿ?