ಪೀಣ್ಯದ ಹೊಗೆಗೆ ತಾರೀಖು ಗೊತ್ತುಮಾಡಿ

ಶುದ್ಧ ಗಾಳಿಗೆಂದು ದೇಶ ಖರ್ಚು ಮಾಡಿದ ಪ್ರತಿ ನೂರು ರೂಪಾಯಿಯಲ್ಲಿ 64 ರೂಪಾಯಿ ರಸ್ತೆ ಧೂಳಿಗೆ ಹೋಗಿದೆ. ಕಾರ್ಖಾನೆಗಳ ಹೊಗೆಯ ಪಾಲಿಗೆ ಬಂದದ್ದು 61 ಪೈಸೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಐದು ವರ್ಷ ಮುಗಿಸಿದ ಮೇಲೆ, 2024ರ ಜುಲೈನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಕೊಟ್ಟ ಲೆಕ್ಕ ಇದು. 15ನೇ ಹಣಕಾಸು ಆಯೋಗದ ಅನುದಾನವೂ ಸೇರಿ ಒಟ್ಟು ಮೊತ್ತ 10,566 ಕೋಟಿ ರೂಪಾಯಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಪೌಡರ್ ಕೋಟಿಂಗ್ ಶೆಡ್ ನಡೆಸುತ್ತ, ಜಾಲಹಳ್ಳಿಯಲ್ಲಿ ಸಂಸಾರ ಮಾಡಿಕೊಂಡಿರುವ ನನ್ನಂಥವನಿಗೆ ಆ 61 ಪೈಸೆ ಓದಿ ಮರೆಯುವ ಅಂಕಿಯಲ್ಲ. ಹಗಲು ಹೊಗೆ ಬಿಡುವವನೂ ನಾನೇ, ರಾತ್ರಿ ಕಿಟಕಿ ತೆರೆದು ಅದನ್ನೇ ಕುಡಿಯುವವನೂ ನಾನೇ.

ಧೂಳಿನ ಕಾಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಎನ್‌ಟಿಟಿಎಫ್ ಸರ್ಕಲ್ ದಾಟಿ ಒಳರಸ್ತೆಗೆ ತಿರುಗಿದರೆ ಡಾಂಬರು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಆ ಅಂಚಿನಲ್ಲೇ ಲಾರಿ, ಟೆಂಪೊ ಸಾಲುಗಟ್ಟಿ ನಿಂತಿರುತ್ತವೆ. ಗುಡಿಸುವ ಯಂತ್ರ ಬಂದರೂ ಅದಕ್ಕೆ ಸಿಗುವುದು ರಸ್ತೆಯ ನಡುಭಾಗ, ಧೂಳು ಕೂತಿರುವುದು ಅಂಚಿನಲ್ಲಿ. ಟ್ಯಾಂಕರಿನಿಂದ ನೀರು ಚಿಮುಕಿಸಿದರೆ ಮಧ್ಯಾಹ್ನದ ಬಿಸಿಲಿಗೆ ಒಣಗಿ ಮತ್ತದೇ ಪುಡಿ. ಅಂಚಿಗೆ ಕಲ್ಲು ಹಾಸಿ, ಚರಂಡಿ ಮುಚ್ಚಿ, ಲಾರಿ ನಿಲ್ಲಲು ಜಾಗ ಕೊಟ್ಟರೆ ಒಂದೇ ಸಲಕ್ಕೆ ಮುಗಿಯುವ ಕೆಲಸವನ್ನು ನಾವು ವರ್ಷವರ್ಷ ಬಾಡಿಗೆ ಕೊಟ್ಟು ಮಾಡಿಸುತ್ತಿದ್ದೇವೆ.

ನಗರಗಳು ಧೂಳಿನ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಈ ಕಾರ್ಯಕ್ರಮದಲ್ಲಿ ಅಂಕ ಕೊಡುವುದು ಮುಖ್ಯವಾಗಿ ಪಿಎಂ10 ಎಂಬ ದಪ್ಪ ಕಣ ಎಷ್ಟು ಇಳಿಯಿತು ಎಂಬುದರ ಮೇಲೆ. ಶ್ವಾಸಕೋಶದ ತಳ ಮುಟ್ಟಿ ರಕ್ತಕ್ಕೂ ಇಳಿಯುವ ಪಿಎಂ2.5 ಬಹುಪಾಲು ಏನನ್ನಾದರೂ ಸುಟ್ಟಾಗ ಹುಟ್ಟುವಂಥದ್ದು. ಪೊರಕೆಗೆ ಅದು ಸಿಗುವುದಿಲ್ಲ. ಬೆಂಗಳೂರಿನ ಗಾಳಿ ಯಾರಿಂದ ಎಷ್ಟು ಕೆಡುತ್ತಿದೆ ಎಂದು ಟೆರಿ ಸಂಸ್ಥೆ 2010ರಲ್ಲೇ ಲೆಕ್ಕ ಹಾಕಿತ್ತು. ಪಿಎಂ10ರಲ್ಲಿ ವಾಹನಗಳ ಪಾಲು ಶೇ 42, ರಸ್ತೆ ಧೂಳು 20, ಕಟ್ಟಡ ಕಾಮಗಾರಿ 14, ಕೈಗಾರಿಕೆ 14, ಡೀಸೆಲ್ ಜನರೇಟರ್ 7. ಕೈಗಾರಿಕೆ ಮತ್ತು ಜನರೇಟರನ್ನು ಕೂಡಿಸಿದರೆ 21, ಅಂದರೆ ರಸ್ತೆ ಧೂಳಿಗಿಂತ ಒಂದು ಕೂದಲು ಹೆಚ್ಚೇ. ಆಮೇಲೆ ಸಿಸ್ಟೆಪ್ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಪಿಎಂ10ರಲ್ಲಿ ಧೂಳಿನ ಪಾಲು ಅರ್ಧಕ್ಕೆ ಏರಿದೆ. ಆದರೆ ಪಿಎಂ2.5ರ ಲೆಕ್ಕಕ್ಕೆ ಬಂದರೆ ಅಲ್ಲೂ ಮೊದಲ ಸ್ಥಾನ ವಾಹನದ ಹೊಗೆಗೇ.

‘ನಾವೇನು ದೆಹಲಿಯೇ?’ ಎಂಬ ಸಮಾಧಾನವೊಂದು ಈ ಊರಿನಲ್ಲಿದೆ. ಪಿಎಂ2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ಬೆಂಗಳೂರಿನ ಸರಾಸರಿ ಇತ್ತೀಚಿನ ವರ್ಷಗಳಲ್ಲಿ ಅದರ ಕೆಳಗೇ ಇದೆ, ನಿಜ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ನಾವು ಅದನ್ನು ಹಲವು ಪಟ್ಟು ಮೀರಿದ್ದೇವೆ. ಅಲ್ಲದೆ ಊರ ಸರಾಸರಿಯನ್ನು ಯಾರೂ ಉಸಿರಾಡುವುದಿಲ್ಲ. ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವವರದೂ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳದೂ ಒಂದೇ ಗಾಳಿಯಲ್ಲ.

ಈಗ ನಮ್ಮ ಶೆಡ್ಡಿಗೆ ಬನ್ನಿ. ಪ್ಯಾನೆಲ್ ಬಾಕ್ಸು, ತಗಡಿನ ಬಾಗಿಲುಗಳನ್ನು ತೊಟ್ಟಿಯಲ್ಲಿ ತೊಳೆದು, ಕೊಕ್ಕೆಗೆ ನೇತುಹಾಕಿ, ಪೌಡರ್ ಸಿಂಪಡಿಸಿ ಓವನ್‌ಗೆ ತಳ್ಳುತ್ತೇವೆ. ಒಳಗೆ 180ರಿಂದ 200 ಡಿಗ್ರಿ ಶಾಖದಲ್ಲಿ ಹತ್ತು ಹದಿನೈದು ನಿಮಿಷ ಬೇಯಬೇಕು. ಶಾಖ ಬರುವುದು ಡೀಸೆಲ್ ಬರ್ನರಿನಿಂದ. ನಡುವೆ ಕರೆಂಟು ಹೋದರೆ ಅರ್ಧ ಬೆಂದ ಮಾಲನ್ನು ಕೆರೆದು ಮೊದಲಿನಿಂದ ಮಾಡಬೇಕು, ಹಾಗಾಗಿ ಜನರೇಟರ್ ಸದಾ ಸಿದ್ಧ. ನಮ್ಮ ರಸ್ತೆಯಲ್ಲಿ ಕರೆಂಟು ಹೋದದ್ದು ತಿಳಿಯಲು ದೀಪ ನೋಡಬೇಕಿಲ್ಲ. ಒಂದಾದ ಮೇಲೊಂದು ಜನರೇಟರ್ ಕೆಮ್ಮಿಕೊಂಡು ಏಳುತ್ತದೆ, ಮೊದಲ ಉಸಿರಿಗೆ ಒಂದು ಮುಷ್ಟಿ ಕಪ್ಪು ಹೊಗೆ ಗೋಡೆಗೆ ಬಡಿಯುತ್ತದೆ. ಆ ಗೋಡೆಗಳನ್ನು ನೋಡಿದರೆ ಸಾಕು, ಕೊಳವೆ ಎಲ್ಲಿದೆ ಎಂದು ಹೊಸಬರಿಗೂ ತಿಳಿಯುತ್ತದೆ.

ಗ್ಯಾಸಿಗೆ ಬದಲಾದರೆ ಹೊಗೆ ಇಳಿಯುತ್ತದೆಂದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ದಾಭೋಳ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆ 2013ರಲ್ಲೇ ಬಂದಿದೆ. ಆದರೂ ಬದಲಾಗದವರು ಬಹಳ, ಯಾಕೆಂದರೆ ಕೆಲಸ ನಡೆಯುವುದು ಚದರ ಅಡಿ ರೇಟಿನ ಮೇಲೆ. ಪಾರ್ಟಿ ಬಂದು ಮೊದಲು ಕೇಳುವುದು ‘ಅಡಿಗೆ ಎಷ್ಟು?’ ಎಂದೇ. ನಾನು ಸಾಲ ಮಾಡಿ ಬರ್ನರ್ ಬದಲಿಸಿ, ಕಂತು ಕಟ್ಟಲು ಅಡಿಗೆ ಒಂದು ರೂಪಾಯಿ ಹೆಚ್ಚು ಹೇಳಿದೆನೋ, ಆರ್ಡರು ಪಕ್ಕದ ರಸ್ತೆಗೆ ಹೋಗಿರುತ್ತದೆ. ಸ್ವಚ್ಛವಾಗಿ ಕೆಲಸ ಮಾಡುವವನು ಮೊದಲು ಸೋಲುವ ಪೇಟೆ ಇದು. ಇಂಥ ಕಡೆ ಉಪದೇಶ, ಜಾಗೃತಿ ಜಾಥಾ, ಆಗೊಮ್ಮೆ ಈಗೊಮ್ಮೆ ಬರುವ ನೋಟಿಸು ಯಾವುದೂ ನಾಟುವುದಿಲ್ಲ. ಎಲ್ಲರಿಗೂ ಒಂದೇ ದಿನ ಜಾರಿಯಾಗುವ, ಸಾಕಷ್ಟು ಮೊದಲೇ ಸಾರಿದ, ಯಾರು ಬಂದರೂ ಹಿಂದೆ ಸರಿಯದ ತಾರೀಖು ಬೇಕು. ದೀರ್ಘಾವಧಿ ನೀತಿ ಎಂದರೆ ನನ್ನ ಪಾಲಿಗೆ ಇಷ್ಟೇ.

ಹೀಗೆ ನಡೆದ ಉದಾಹರಣೆ ನಮ್ಮಲ್ಲೇ ಇದೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಾಹನದ ಹೊಗೆಯ ಮಾನದಂಡದಲ್ಲಿ ಬಿಎಸ್-5 ಮೆಟ್ಟಿಲು ಬಿಟ್ಟು ನೇರ ಬಿಎಸ್-6ಕ್ಕೆ ಹೋಗುವುದಾಗಿ ಹೇಳಿತು, 2020ರ ಏಪ್ರಿಲ್ 1 ಎಂದು ದಿನ ಗೊತ್ತುಮಾಡಿತು. ವಾಹನ ಕಂಪನಿಗಳು ಗೊಣಗಿದವು. ತಾರೀಖು ಅಲುಗಲಿಲ್ಲ. ತೈಲ ಶುದ್ಧೀಕರಣ ಘಟಕಗಳು ಗಂಧಕ ಇಳಿಸಿದವು, ಎಂಜಿನ್ ಬದಲಾದವು, ಹೇಳಿದ ದಿನಕ್ಕೆ ಹೊಸ ಇಂಧನ ದೇಶದ ಬಂಕುಗಳಿಗೆಲ್ಲ ಬಂತು. ಅದೇ ಶುದ್ಧ ಗಾಳಿ ಕಾರ್ಯಕ್ರಮ ನೋಡಿ: 2019ರಲ್ಲಿ ಶುರುವಾದಾಗ 2024ಕ್ಕೆ ಶೇ 20ರಿಂದ 30 ಇಳಿಕೆ ಎಂದರು, ನಡುವೆ ಅದನ್ನು 2025–26ಕ್ಕೆ ಶೇ 40 ಎಂದು ಬದಲಿಸಿದರು. ಪಟ್ಟಿಯಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಗುರಿ ಇಡೀ ಊರಿನದು. ಯಾವ ಇಂಧನ ಯಾವತ್ತು ನಿಲ್ಲಬೇಕು, ಯಾವ ಇಲಾಖೆ ಯಾವತ್ತಿಗೆ ಏನು ಮುಗಿಸಬೇಕು ಎಂಬುದು ನಮ್ಮಂಥವರ ಬಾಗಿಲಿಗೆ ಬರಲೇ ಇಲ್ಲ.

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. 1981ರ ವಾಯು ಕಾಯ್ದೆಯ 19ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಸಮಾಲೋಚಿಸಿ ಒಂದು ಪ್ರದೇಶದಲ್ಲಿ ಇಂಥ ಇಂಧನ ಸುಡಬಾರದೆಂದು ಅಧಿಸೂಚನೆ ಹೊರಡಿಸಬಹುದು. ಪೀಣ್ಯದ ನಾಲ್ಕೂ ಹಂತಗಳಿಗೆ ಅಂಥ ಅಧಿಸೂಚನೆ ಬರಲಿ, ಮೆಟ್ಟಿಲು ಮೆಟ್ಟಿಲಾಗಿ. ಮೊದಲ ಎರಡು ವರ್ಷದ ಹೊಣೆ ಸರ್ಕಾರದ್ದೇ ಆಗಲಿ: ಬೆಸ್ಕಾಂ ತಡೆಯಿಲ್ಲದ ವಿದ್ಯುತ್ ಕೊಡಬೇಕು, ಗ್ಯಾಸ್ ಕೊಳವೆ ಪ್ರತಿ ಅಡ್ಡರಸ್ತೆಗೂ ಬರಬೇಕು. ಅದಾದ ಮೇಲೆ ಹಳೆಯ ಜನರೇಟರ್‌ಗಳ ಸರದಿ. ಐದನೇ ವರ್ಷದ ಹೊತ್ತಿಗೆ ಡೀಸೆಲ್ ಬರ್ನರ್, ಸೌದೆ ಬಾಯ್ಲರ್‌ಗಳಿಗೆ ಪೂರ್ಣವಿರಾಮ. ಒಂದೊಂದು ಗಾರ್ಮೆಂಟ್ಸ್ ಘಟಕ ಒಂದೊಂದು ಸಣ್ಣ ಬಾಯ್ಲರ್ ಉರಿಸುವ ಬದಲು ಹತ್ತಾರು ಘಟಕಕ್ಕೆ ಒಂದು ಸಾಮೂಹಿಕ ಬಾಯ್ಲರ್ ಇಟ್ಟು ಹಬೆಯನ್ನು ಕೊಳವೆಯಲ್ಲಿ ಹಂಚಬಹುದು. ಆಗ ಕಾಯಬೇಕಾದ ಚಿಮಣಿಯೂ ಒಂದೇ.

ಸೂರತ್ತಿನ ಅನುಭವವನ್ನೂ ಕಣ್ಣಮುಂದೆ ಇಟ್ಟುಕೊಳ್ಳಬೇಕು. ಅಲ್ಲಿನ ಜವಳಿ ಕಾರ್ಖಾನೆಗಳ ಚಿಮಣಿಗಳಿಗೆ ನಿರಂತರ ಮಾಪಕ ಹಾಕಿ, ಹೊಗೆಯ ಕಣಕ್ಕೆ ಒಟ್ಟು ಮಿತಿ ಕಟ್ಟಿ, ಆ ಮಿತಿಯೊಳಗೆ ಪರವಾನಗಿ ಕೊಳ್ಳುವ–ಮಾರುವ ಪೇಟೆಯನ್ನು ಗುಜರಾತ್ ಮಂಡಳಿ 2019ರಲ್ಲಿ ಶುರುಮಾಡಿತು. ಸೇರಿದ ಕಾರ್ಖಾನೆಗಳ ಕಣದ ಹೊಗೆ ಶೇ 20ರಿಂದ 30ರಷ್ಟು ಇಳಿಯಿತೆಂದು ಸಂಶೋಧಕರು ತೋರಿಸಿದ್ದಾರೆ. ಪೀಣ್ಯದಲ್ಲಿ ಚಿಮಣಿಗಳು ಗಿಡ್ಡ, ಘಟಕಗಳು ಸಣ್ಣವು, ಲೆಕ್ಕಕ್ಕೆ ಸಿಗದಷ್ಟು. ಆದ್ದರಿಂದ ಪ್ರತಿ ಕೊಳವೆಗೂ ಮಾಪಕ ಹಾಕಲಾಗದು. ದೊಡ್ಡ ಬಾಯ್ಲರ್‌ಗಳಿಗೆ ಹಾಕಿ, ಸಣ್ಣವರಿಗೆ ಇಂಧನವನ್ನೇ ನಿಯಮ ಮಾಡಿದರೆ ಸಾಕು. ಅಳೆಯುವುದಕ್ಕಿಂತ ಡೀಸೆಲ್ ಬ್ಯಾರೆಲ್ ಒಳಗೆ ಬಂತೇ ಎಂದು ನೋಡುವುದು ಸುಲಭ.

ಕಾರ್ಖಾನೆಯ ಗೇಟಿನ ಹೊರಗೆ ಲಾರಿಯದೇ ರಾಜ್ಯ. ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದರಲ್ಲ, ಭಾರಿ ವಾಹನಗಳು ಮತ್ತೆ ಮೇಲೆ ಹತ್ತಲು 2024 ಬರಬೇಕಾಯಿತು. ಅಷ್ಟೂ ಕಾಲ ತುಮಕೂರು ರಸ್ತೆಯ ಲಾರಿಗಳು ಕೆಳಗೆ, ನಮ್ಮ ಮೂಗಿನ ಮಟ್ಟದಲ್ಲಿ, ಮೊದಲ ಗೇರಿನಲ್ಲಿ ತೆವಳಿದವು. ಹೊರಜಿಲ್ಲೆಯ ಬಸ್ಸುಗಳು ಊರೊಳಗೆ ಬಾರದಿರಲೆಂದು ಕಟ್ಟಿದ ಬಸವೇಶ್ವರ ಬಸ್ ನಿಲ್ದಾಣ ವರ್ಷಗಟ್ಟಲೆ ಬಿಕೋ ಎಂದಿತು. 2014ರಿಂದ ಮೆಟ್ರೊ ತಲೆಯ ಮೇಲೇ ಓಡುತ್ತಿದೆ. ನಿಲ್ದಾಣ ಇಳಿದು ಮೂರನೇ ಹಂತದ ಶೆಡ್‌ ತಲುಪಲು ಮಾತ್ರ ಪಾದಚಾರಿ ದಾರಿ ಇಲ್ಲ, ಶಿಫ್ಟಿನ ಹೊತ್ತಿಗೆ ಸರಿಯಾದ ಫೀಡರ್ ಬಸ್ಸೂ ಇಲ್ಲ. ನಮ್ಮ ಹುಡುಗರು ಮೊದಲ ಬೋನಸ್ಸಿನಲ್ಲಿ ಬೈಕಿಗೆ ಮುಂಗಡ ಕಟ್ಟುವುದು ಶೋಕಿಗಲ್ಲ. ನಗರದ ವಾಹನಗಳ ಸಂಖ್ಯೆ ಕೋಟಿ ದಾಟಿರುವುದರಲ್ಲಿ ಅವರ ಬೈಕೂ ಸೇರಿದೆ. ಸೇತುವೆ, ನಿಲ್ದಾಣ, ಮೆಟ್ರೊ ಮೂರಕ್ಕೂ ಹಣ ಸುರಿದಾಯಿತು. ಮೂರನ್ನೂ ಗಾಳಿಯ ಲೆಕ್ಕದಲ್ಲಿ ಒಟ್ಟಿಗೆ ಇಟ್ಟು ನೋಡಿದವರಿಲ್ಲ.

ಉಳಿದಿರುವ ಹಸಿರಿನ ಮಾತೂ ಇಲ್ಲಿಗೇ ಸೇರುತ್ತದೆ. ಎಚ್‌ಎಂಟಿ ವಶದಲ್ಲಿರುವ ಪೀಣ್ಯ–ಜಾಲಹಳ್ಳಿ ಅರಣ್ಯ ಜಮೀನು ಯಾರದೆಂದು ರಾಜ್ಯ ಮತ್ತು ಕೇಂದ್ರ 2024ರಿಂದ ಜಗ್ಗಾಡುತ್ತಿವೆ. ಯಾರ ಹೆಸರಿಗಾದರೂ ಇರಲಿ, ಮರ ಕಡಿಯದೆ, ಲೇಔಟ್ ಆಗದೆ ಉಳಿಯಲಿ. ಪೀಣ್ಯಕ್ಕೂ ಜಾಲಹಳ್ಳಿಯ ಮನೆಗಳಿಗೂ ನಡುವೆ ಬೇರೆ ತಡೆಯಿಲ್ಲ.

ಸಣ್ಣ ಕೈಗಾರಿಕೆ ಸತ್ತುಹೋಗುತ್ತದೆ ಎಂಬ ವಾದ ನಮ್ಮ ಸಂಘದ ಸಭೆಗಳಲ್ಲೂ ಏಳುತ್ತದೆ. ಅದು ಹುಸಿ ಭಯವಲ್ಲ. ಆದರೆ ಸಣ್ಣವರನ್ನು ಕೊಲ್ಲುವುದು ನಿಯಮಕ್ಕಿಂತ ಹೆಚ್ಚಾಗಿ ನಿಯಮದ ಚಂಚಲತೆ. ಐದು ವರ್ಷದ ಅವಧಿ ಸಿಕ್ಕರೆ ಬರ್ನರ್ ಹೇಗೂ ಸವೆದಿರುತ್ತದೆ, ಹೊಸದನ್ನು ಗ್ಯಾಸಿನದ್ದೇ ತರುತ್ತೇವೆ. ಇಂದು ಆದೇಶ, ನಾಳೆ ಬೀಗ ಎಂದರೆ ಉಳಿಯುವುದು ಶಿಫಾರಸು ಇರುವವನು ಮಾತ್ರ. ಧೂಳಿಗೆ ಹೋಗುವ ಹಣದಲ್ಲಿ ಒಂದು ಪಾಲನ್ನು ಬಡ್ಡಿ ಸಹಾಯಧನಕ್ಕೆ ತಿರುಗಿಸಿದರೆ ಸಾವಿರಾರು ಶೆಡ್‌ಗಳು ತಾವಾಗಿ ಬದಲಾಗುತ್ತವೆ. ಬೀಜಿಂಗ್ 2013ರಲ್ಲಿ ಪಿಎಂ2.5 ಸುಮಾರು 90 ಇದ್ದಾಗ ಕಲ್ಲಿದ್ದಲು ಬಾಯ್ಲರ್‌ಗಳನ್ನು ವರ್ಷವಾರು ಗುರಿಯಿಟ್ಟು ತೆಗೆಯಿತು; 2020ಕ್ಕೆ 38ಕ್ಕೆ ಇಳಿಯಿತು. ಅಲ್ಲಿನ ಆಡಳಿತ ನಮಗೆ ಬೇಡ, ಆ ವರ್ಷವಾರು ಶಿಸ್ತು ಬೇಕು.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ರಸ್ತೆ ಒಬ್ಬರದು, ವಿದ್ಯುತ್ ಒಬ್ಬರದು, ಬಸ್ಸು ಇನ್ನೊಬ್ಬರದು, ನಿವೇಶನ ಕೆಐಎಡಿಬಿಯದು, ಹೊಗೆ ಮಾತ್ರ ಎಲ್ಲರದು. ಹೀಗಿರುವಾಗ ಪ್ರಾಧಿಕಾರದ ಅಧ್ಯಕ್ಷರಾದ ಮುಖ್ಯಮಂತ್ರಿಯೇ ಉತ್ತರ ಹೇಳುವಂತಾಗಬೇಕು. ಬರುವ ಬಜೆಟ್ಟಿನಲ್ಲಿ ಹತ್ತು ವರ್ಷದ ಪಟ್ಟಿ ಮಂಡಿಸಲಿ: ಯಾವ ವರ್ಷ, ಯಾವ ಇಲಾಖೆ, ಯಾವ ಕೆಲಸ. ಪ್ರತಿ ವರ್ಷ ಅದೇ ಸದನದಲ್ಲಿ ಆದದ್ದು, ಆಗದ್ದು ಓದಲಿ. ಪೀಣ್ಯದ ಮಾಪನ ಕೇಂದ್ರದ ಪಿಎಂ2.5 ಅಂಕಿಯನ್ನೂ ಜೊತೆಗಿಡಲಿ. ಆ ಪಟ್ಟಿ ಕೈಗೆ ಬಂದ ವಾರವೇ ಬ್ಯಾಂಕಿಗೆ ಸಾಲದ ಅರ್ಜಿ ಹಾಕಲು ನಮ್ಮ ರಸ್ತೆಯಲ್ಲಿ ನಾನೊಬ್ಬನೇ ಇರುವುದಿಲ್ಲ.